ದ್ರವದ ಒಳಗುಟ್ಟು ತಿಳಿಯಲು ಉಪಕರಣ ಕಟ್ಟಿದ ಕಾಯ್ ಸೀಗ್‌ಬಾನ್

ಉಪ್ಪಿನ ಹರಳಿಗಿಂತ ಒಂದು ಲೋಟ ನೀರನ್ನು ಪರೀಕ್ಷಿಸುವುದು ಸುಲಭವೆಂದು ನಿಮಗೆ ಅನಿಸಬಹುದು. ಸ್ವೀಡನ್ನಿನ ಭೌತವಿಜ್ಞಾನಿ ಕಾಯ್ ಸೀಗ್‌ಬಾನ್ ಅವರ ಪಾಲಿಗೆ ವಿಷಯ ಇದಕ್ಕೆ ತದ್ವಿರುದ್ಧವಾಗಿತ್ತು.

ಅವರು ಜನಿಸಿದ್ದು 1918ರ ಏಪ್ರಿಲ್ 20ರಂದು, ಲುಂಡ್ ನಗರದಲ್ಲಿ. ತಂದೆ ಮಾನ್ನೆ ಸೀಗ್‌ಬಾನ್ ಕ್ಷ-ಕಿರಣಗಳ ಸಂಶೋಧನೆಗಾಗಿ 1924ರ ನೊಬೆಲ್ ಪ್ರಶಸ್ತಿ ಪಡೆದವರು. ಅಂತಹ ತಂದೆಯ ಮಗ ಅದೇ ವಿಷಯದಲ್ಲಿ ಹೆಸರು ಮಾಡುವುದು ಎಷ್ಟು ಕಷ್ಟವೆಂದು ನೀವೇ ಊಹಿಸಿ! 1944ರಲ್ಲಿ ಡಾಕ್ಟರೇಟ್ ಪಡೆದ ಕಾಯ್ ಅವರು 1954ರಲ್ಲಿ ಉಪ್ಸಾಲಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು.

ಕ್ಷ-ಕಿರಣ ತಗುಲಿದಾಗ ವಸ್ತುವಿನಿಂದ ಎಲೆಕ್ಟ್ರಾನುಗಳು ಹೊರಚಿಮ್ಮುತ್ತವೆ. ಅವುಗಳ ಶಕ್ತಿಯನ್ನು ಕಿರಣದ ಶಕ್ತಿಯಿಂದ ಕಳೆದರೆ, ಎಲೆಕ್ಟ್ರಾನು ಪರಮಾಣುವಿನಲ್ಲಿ ಎಷ್ಟು ಬಿಗಿಯಾಗಿ ಬಂಧಿತವಾಗಿತ್ತೆಂದು ತಿಳಿಯುತ್ತದೆ. ಲೆಕ್ಕ ಇಷ್ಟೇ. ಕಷ್ಟವಿದ್ದದ್ದು ಅಷ್ಟು ನಿಖರವಾಗಿ ಅಳೆಯುವ ಉಪಕರಣದಲ್ಲಿ. ಅದನ್ನು ಅವರ ತಂಡವೇ ಕಟ್ಟಿತು. (ನಮ್ಮ ಶಾಲೆಗಳಲ್ಲಿ ಉಪಕರಣಗಳು ಬೀರುವಿನೊಳಗೆ ಬೀಗದಲ್ಲಿರುವುದೇ ಹೆಚ್ಚು!) 1964ರಲ್ಲಿ ಸೋಡಿಯಂ ಥಯೋಸಲ್ಫೇಟಿನ ಎರಡು ಗಂಧಕ ಪರಮಾಣುಗಳು ಈ ಉಪಕರಣದಲ್ಲಿ ಬೇರೆ ಬೇರೆಯಾಗಿ ಕಾಣಿಸಿಕೊಂಡವು. ಧಾತು ಯಾವುದೆಂಬುದಷ್ಟೇ ಅಲ್ಲ, ಅದರ ನೆರೆಹೊರೆ ಎಂತಹದೆಂಬುದೂ ತಿಳಿಯುವಂತಾಯಿತು.

ಘನವಸ್ತುಗಳಾದವು, ಅನಿಲಗಳೂ ಆದವು. ಉಳಿದದ್ದು ದ್ರವ. ಗಾಳಿಯಲ್ಲಿ ಎಲೆಕ್ಟ್ರಾನುಗಳು ಕಣಗಳಿಗೆ ಬಡಿದು ಚದುರಿಹೋಗುವುದರಿಂದ ಉಪಕರಣದೊಳಗೆ ನಿರ್ವಾತವಿರಬೇಕು. ಬೆಟ್ಟದ ಮೇಲೆ ನೀರು ಬೇಗ ಕುದಿಯುತ್ತದೆಂದು ನೀವು ಓದಿದ್ದೀರಿ. ನಿರ್ವಾತದಲ್ಲಾದರೋ ಅದು ಬೆಂಕಿಯೇ ಇಲ್ಲದೆ ಕುದಿಯುತ್ತದೆ. ಆ ಆವಿಯೇ ಎಲೆಕ್ಟ್ರಾನುಗಳ ದಾರಿಗೆ ಅಡ್ಡ ಬರುತ್ತದೆ.

1973ರಲ್ಲಿ ಕಾಯ್ ಅವರು ಮಗ ಹಾನ್ಸ್ ಜೊತೆಗೂಡಿ ಇದಕ್ಕೊಂದು ದಾರಿ ಕಂಡುಕೊಂಡರು. ನೀರನ್ನು ಬಿಟ್ಟು, ಸುಲಭವಾಗಿ ಆವಿಯಾಗದ ಫಾರ್ಮಮೈಡ್ ಎಂಬ ದ್ರವವನ್ನು ಆರಿಸಿಕೊಂಡರು. ಅದನ್ನು ಪಾತ್ರೆಯಲ್ಲಿಡದೆ ನಿರ್ವಾತದೊಳಗೆ ಧಾರೆಯಾಗಿ ಹರಿಸಿದರು. ಈ ಎಲೆಕ್ಟ್ರಾನುಗಳು ಹೊರಬರುವುದು ದ್ರವದ ತೀರ ಮೇಲಿನ ಪದರದಿಂದ ಮಾತ್ರ. ಹರಿಯುವ ಧಾರೆಯಲ್ಲಿ ಆ ಪದರ ಕ್ಷಣಕ್ಷಣಕ್ಕೂ ಹೊಸದಾಗುತ್ತಿರುತ್ತದೆ. ಮೊದಲೇ ನೀರಿಗೆ ಕೈಹಾಕದಿದ್ದುದನ್ನು ನಾನು ಸೋಲೆನ್ನುವುದಿಲ್ಲ. ಪರೀಕ್ಷೆಯಲ್ಲಿ ಅತಿ ಕಠಿಣ ಪ್ರಶ್ನೆಯಿಂದಲೇ ಆರಂಭಿಸಿ ಸಮಯ ಕಳೆದುಕೊಳ್ಳುವ ಜಾಣ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ.

1981ರ ಭೌತವಿಜ್ಞಾನ ನೊಬೆಲ್ ಪ್ರಶಸ್ತಿಯ ಅರ್ಧಭಾಗ ಕಾಯ್ ಅವರಿಗೆ ಸಂದಿತು. ತಂದೆ, ಮಗ ಇಬ್ಬರಿಗೂ ನೊಬೆಲ್! ಆದರೆ ಆ ಸುದ್ದಿ ಕೇಳಲು ತಂದೆ ಬದುಕಿರಲಿಲ್ಲ. ಅವರು 1978ರಲ್ಲೇ ತೀರಿಕೊಂಡಿದ್ದರು.

ನೀರಿನ ಪ್ರಶ್ನೆ ಏನಾಯಿತೆನ್ನುವಿರಾ? ಜರ್ಮನಿಯ ಗಟಿಂಗೆನ್‌ನಲ್ಲಿ ಮಾನ್‌ಫ್ರೆಡ್ ಫೌಬೆಲ್ ಮತ್ತು ಸಂಗಡಿಗರು ಕೂದಲಿಗಿಂತ ತೆಳುವಾದ ನೀರಿನ ಧಾರೆಯನ್ನು ನಿರ್ವಾತದೊಳಗೆ ಚಿಮ್ಮಿಸಿ, ಅದರ ಎಲೆಕ್ಟ್ರಾನುಗಳನ್ನು ಅಳೆದು 1997ರಲ್ಲಿ ಪ್ರಕಟಿಸಿದರು. ಆಗ ಕಾಯ್ ಅವರಿಗೆ ಎಪ್ಪತ್ತೊಂಬತ್ತು ವರ್ಷ. ಅವರು ನಿಧನರಾದದ್ದು 2007ರ ಜುಲೈ 20ರಂದು.