ಹನ್ನೆರಡು ಹಸುಗೂಸುಗಳು ಮತ್ತು ಪ್ಯಾರಿಸ್ಸಿನ ತಾಯಂದಿರು

ಸಂತ ವಿನ್ಸೆಂಟ್ ಡಿ ಪೌಲರ ಪಟವನ್ನು ನೀವು ನೋಡಿಯೇ ಇರುತ್ತೀರಿ. ಅವರ ಹೆಸರಿನ ಸಭೆ ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿದೆ. ಕಪ್ಪು ನಿಲುವಂಗಿ, ತಲೆಯ ಮೇಲೆ ಪುಟ್ಟ ಟೋಪಿ, ನರೆತ ಗಡ್ಡ, ತೋಳಿನಲ್ಲಿ ಒಂದು ಹಸುಗೂಸು. ಕೆಲವು ಪಟಗಳಲ್ಲಿ ಸುತ್ತಲೂ ಹಿಮ ಸುರಿಯುತ್ತಿರುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ಅವರೊಬ್ಬರೇ ಪ್ಯಾರಿಸ್ ನಗರದ ಬೀದಿಗಳನ್ನು ಸುತ್ತಿ, ಬಿಟ್ಟುಹೋದ ಕೂಸುಗಳನ್ನು ಎತ್ತಿ ತರುತ್ತಿದ್ದರೆಂಬ ಕಥೆಯನ್ನು ಧರ್ಮೋಪದೇಶದ ತರಗತಿಯಲ್ಲಿ ನಾವೆಲ್ಲ ಕೇಳಿದ್ದೇವೆ. ಪಟ ಚೆನ್ನಾಗಿದೆ. ಆದರೆ ಅದರಲ್ಲಿ ಒಂದು ದೊಡ್ಡ ಕೊರತೆಯಿದೆ. ಅದರಲ್ಲಿ ಅವರು ಒಬ್ಬರೇ ಇದ್ದಾರೆ. ನಿಜವಾದ ವಿನ್ಸೆಂಟರು ಒಬ್ಬರೇ ಮಾಡಿದ ಕೆಲಸ ಬಹಳ ಕಡಿಮೆ. ಒಬ್ಬನಿಂದ ಆಗದು ಎಂಬುದನ್ನು ಅವರಷ್ಟು ಚೆನ್ನಾಗಿ ಅರಿತಿದ್ದ ಸಂತರು ವಿರಳ ಎಂದೇ ನನ್ನ ಅನಿಸಿಕೆ.

ಅವರು ಹುಟ್ಟಿದ್ದು 1581ರಲ್ಲಿ, ಫ್ರಾನ್ಸಿನ ನೈಋತ್ಯ ಭಾಗದ ಪುಯಿ ಎಂಬ ಹಳ್ಳಿಯಲ್ಲಿ. ಬೇಸಾಯದ ಮನೆತನ, ಆರು ಮಂದಿ ಮಕ್ಕಳು. ಬಾಲಕ ವಿನ್ಸೆಂಟ್ ಕುರಿ, ಹಂದಿಗಳನ್ನು ಮೇಯಿಸುತ್ತಿದ್ದ. ಹುಡುಗ ಚುರುಕಾಗಿದ್ದುದನ್ನು ಕಂಡು ತಂದೆ ಓದಿಗೆ ಹಾಕಿದರು. ಮುಂದಿನ ಓದಿನ ಖರ್ಚಿಗೆ ಉಳುವ ಎತ್ತಿನ ಜೋಡಿಯನ್ನೇ ಮಾರಿದರು. ರೈತರ ಮನೆಯಲ್ಲಿ ಹುಟ್ಟಿದವರಿಗೆ ಈ ತ್ಯಾಗದ ಭಾರ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದೇ ತಂದೆ ಒಮ್ಮೆ ಶಾಲೆಗೆ ಮಗನನ್ನು ನೋಡಲು ಬಂದಾಗ, ಹರಕು ಬಟ್ಟೆ ತೊಟ್ಟು ಕುಂಟುತ್ತಾ ಬಂದ ಆ ಮನುಷ್ಯನನ್ನು ತಂದೆಯೆಂದು ತೋರಿಸಿಕೊಳ್ಳಲು ಮಗ ನಾಚಿದ. ಇದನ್ನು ಮುದಿವಯಸ್ಸಿನಲ್ಲಿ ವಿನ್ಸೆಂಟರೇ ಕಣ್ಣೀರಿನೊಂದಿಗೆ ಹೇಳಿಕೊಂಡಿದ್ದಾರೆ.

1600ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಗುರುದೀಕ್ಷೆಯಾಯಿತು. ಆಗ ಅವರ ಮನಸ್ಸಿನಲ್ಲಿ ಬಡವರಿರಲಿಲ್ಲ. ಒಳ್ಳೆಯ ಆದಾಯವಿರುವ ಒಂದು ಸ್ಥಾನ ಹಿಡಿದು, ಮನೆಯವರನ್ನು ಸುಖವಾಗಿಟ್ಟು, ನೆಮ್ಮದಿಯಿಂದ ಇರಬೇಕೆಂಬುದೇ ಆಸೆ. ಹತ್ತು ವರ್ಷಗಳಾದ ಮೇಲೂ ತಾಯಿಗೆ ಬರೆದ ಕಾಗದದಲ್ಲಿ ಅದೇ ಧ್ವನಿ. ಕಡಲ್ಗಳ್ಳರು ಅವರನ್ನು ಹಿಡಿದು ಟ್ಯೂನಿಸ್‌ನಲ್ಲಿ ಗುಲಾಮರಾಗಿ ಮಾರಿದರೆಂಬ ಕಥೆಯೊಂದಿದೆ. ಇತಿಹಾಸಕಾರರಲ್ಲಿ ಅದರ ಬಗ್ಗೆ ಇಂದಿಗೂ ಒಮ್ಮತವಿಲ್ಲವಾದ್ದರಿಂದ ನಾವು ಅದನ್ನು ಬಿಟ್ಟು ಮುಂದೆ ಹೋಗೋಣ. ನಮಗೆ ಬೇಕಾದದ್ದು 1617ನೇ ಇಸವಿ.

ಆ ವರ್ಷ ಅವರು ಶಾತಿಯೋಂ ಎಂಬ ಸಣ್ಣ ಊರಿನ ಧರ್ಮಕೇಂದ್ರಕ್ಕೆ ಗುರುಗಳಾಗಿ ಬಂದರು. ಆಗಸ್ಟ್ ತಿಂಗಳ ಒಂದು ಭಾನುವಾರ. ಬಲಿಪೂಜೆಗೆ ಉಡುಪು ತೊಡುತ್ತಿದ್ದಾಗ ಒಬ್ಬ ಮಹಿಳೆ ಬಂದು, ಊರಾಚೆಯ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ಒಂದು ಲೋಟ ನೀರು ಕೊಡುವುದಕ್ಕೂ ಎದ್ದಿರುವವರಿಲ್ಲ ಎಂದು ತಿಳಿಸಿದರು. ಗುರುಗಳು ಪ್ರಬೋಧನೆಯಲ್ಲಿ ಆ ಕುಟುಂಬದ ಮಾತೆತ್ತಿದರು. ಮಧ್ಯಾಹ್ನ ಕಳೆದ ಮೇಲೆ ತಾವೂ ಆ ಮನೆಯ ಕಡೆ ಹೊರಟರು. ದಾರಿಯಲ್ಲಿ ನೋಡುತ್ತಾರೆ, ಜನವೋ ಜನ! ಕೆಲವು ಹೆಂಗಸರು ಬುಟ್ಟಿ ಹೊತ್ತು ಹೋಗುತ್ತಿದ್ದಾರೆ, ಕೆಲವರು ಕೊಟ್ಟು ಹಿಂದಿರುಗುತ್ತಿದ್ದಾರೆ, ಬಿಸಿಲು ತಾಳಲಾರದೆ ಇನ್ನು ಕೆಲವರು ದಾರಿಯ ಬದಿಯಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಿದ್ದಾರೆ.

ನಾನಾಗಿದ್ದರೆ ಅಂದು ರಾತ್ರಿ ಹಿಗ್ಗಿನಿಂದ ಮಲಗುತ್ತಿದ್ದೆ. ಒಂದು ಪ್ರಬೋಧನೆಗೆ ಇಷ್ಟು ಫಲ ಸಿಕ್ಕುವುದು ಯಾವ ಗುರುವಿಗೆ ಬೇಡ? ವಿನ್ಸೆಂಟರಿಗೆ ಮಾತ್ರ ಚಿಂತೆ ಹತ್ತಿತು. ಇಂದು ಆ ಮನೆಯಲ್ಲಿ ರೊಟ್ಟಿ, ಮಾಂಸ ರಾಶಿ ಬಿದ್ದಿದೆ. ಅರ್ಧ ಕೆಟ್ಟುಹೋಗುತ್ತದೆ. ನಾಡಿದ್ದು ಅದೇ ಕುಟುಂಬ ಮತ್ತೆ ಉಪವಾಸ. ಊರಲ್ಲಿ ಕರುಣೆಗೆ ಬಡತನವಿರಲಿಲ್ಲ, ವ್ಯವಸ್ಥೆಗೆ ಬಡತನವಿತ್ತು. ಮೂರೇ ದಿನಗಳಲ್ಲಿ ಅವರು ಊರಿನ ಕೆಲವು ಮಹಿಳೆಯರನ್ನು ಸೇರಿಸಿ ಸರದಿ ಗೊತ್ತುಮಾಡಿದರು. ಒಬ್ಬೊಬ್ಬರದು ಒಂದೊಂದು ದಿನ. ಆ ದಿನ ರೋಗಿಗಳ ಅಡುಗೆ, ಆರೈಕೆ ಎಲ್ಲ ಅವರ ಪಾಲಿಗೆ. ಹಣದ ಲೆಕ್ಕ ನೋಡಲು ಒಬ್ಬರು. ಹುಟ್ಟಿದ ಸಂಘಕ್ಕೆ ಆ ವರ್ಷದ ಕೊನೆಯೊಳಗೆ ನಿಯಮಾವಳಿಯೂ ಬಂತು.

ಆ ನಿಯಮಾವಳಿ ಓದಲು ಬಲು ಸೊಗಸು. ದೇವಶಾಸ್ತ್ರದ ದೊಡ್ಡ ಮಾತುಗಳಿಗಿಂತ ಅದರಲ್ಲಿ ಅಡುಗೆಮನೆಯ ಮಾತೇ ಹೆಚ್ಚು. ಊಟ ತಂದವರು ರೋಗಿಯನ್ನು ನಗುಮುಖದಿಂದ ಮಾತನಾಡಿಸಬೇಕು, ಬಟ್ಟೆ ಹಾಸಿ ಬಟ್ಟಲು, ಚಮಚ ಇಡಬೇಕು, ಕೈ ತೊಳೆಸಬೇಕು, ಪ್ರಾರ್ಥನೆ ಹೇಳಬೇಕು, ಮಾಂಸವನ್ನು ತುಂಡು ಮಾಡಿ ಕೊಡಬೇಕು. ಮನೆಯಲ್ಲಿ ಜೊತೆಗೆ ಯಾರಾದರೂ ಇರುವ ರೋಗಿಯಿಂದ ಶುರುಮಾಡಿ, ಯಾರೂ ಇಲ್ಲದ ರೋಗಿಯನ್ನು ಕೊನೆಗೆ ಇಟ್ಟುಕೊಳ್ಳಬೇಕು. ಏಕೆಂದರೆ ಅಲ್ಲಿ ಹೆಚ್ಚು ಹೊತ್ತು ಕುಳಿತಿರಬಹುದು. ಈ ಕೊನೆಯ ನಿಯಮವನ್ನು ಬರೆದವರು ಒಂಟಿ ರೋಗಿಯ ಹಾಸಿಗೆಯ ಬಳಿ ಕುಳಿತು ಬಲ್ಲವರೇ ಇರಬೇಕು.

ಪ್ಯಾರಿಸ್ಸಿಗೆ ಮರಳಿದ ಮೇಲೆ ಇಂಥ ಸಂಘಗಳು ಹಳ್ಳಿಹಳ್ಳಿಗಳಲ್ಲಿ ಎದ್ದವು. 1625ರಲ್ಲಿ ಹಳ್ಳಿಗರಿಗೆ ಶುಭಸಂದೇಶ ಸಾರಲು ಗುರುಗಳ ಸಭೆಯೊಂದನ್ನು ಅವರು ಸ್ಥಾಪಿಸಿದರು. ಲೂಯಿಸ್ ಡಿ ಮರಿಯಾಕ್ ಎಂಬ ವಿಧವೆಯ ನೆರವಿನಿಂದ 1633ರಲ್ಲಿ ಡಾಟರ್ಸ್ ಆಫ್ ಚಾರಿಟಿ ಕನ್ಯಾಸ್ತ್ರೀಯರ ಸಭೆ ಆರಂಭವಾಯಿತು. ಮರುವರ್ಷ ಪ್ಯಾರಿಸ್ಸಿನ ದೊಡ್ಡ ಆಸ್ಪತ್ರೆಯ ರೋಗಿಗಳಿಗಾಗಿ ಶ್ರೀಮಂತ ಮಹಿಳೆಯರ ಸಂಘವೂ ಕೂಡಿತು. ಕಾರ್ಡಿನಲ್ ರಿಶಲ್ಯೂರವರ ಸಹೋದರಿಯ ಮಗಳಂಥವರೂ ಅದರಲ್ಲಿದ್ದರು.

ಈಗ ಮಕ್ಕಳ ವಿಷಯ. ಆ ಕಾಲದಲ್ಲಿ ಪ್ಯಾರಿಸ್ ನಗರದ ಬೀದಿಗಳಲ್ಲಿ, ಚರ್ಚಿನ ಬಾಗಿಲುಗಳಲ್ಲಿ ವರ್ಷಕ್ಕೆ 300ರಿಂದ 400 ಶಿಶುಗಳನ್ನು ಬಿಟ್ಟುಹೋಗುತ್ತಿದ್ದರು. ಅವುಗಳನ್ನು ಒಯ್ದು ಸೇರಿಸುತ್ತಿದ್ದುದು ಲಾ ಕೂಷ್ ಎಂಬ ಒಂದು ಮನೆಗೆ. ಅಲ್ಲಿ ಒಬ್ಬ ವಿಧವೆ, ಇಬ್ಬರು ಆಳುಗಳು. ಹಾಲೂಡಿಸುವ ದಾದಿಯರು ಸಾಲದು. ಅತ್ತ ಮಕ್ಕಳಿಗೆ ಮಂಪರಿನ ಔಷಧ ಕುಡಿಸಿ ಮಲಗಿಸುತ್ತಿದ್ದರು. ಕೆಲವು ಕೂಸುಗಳನ್ನು ಕೆಲವೇ ಕಾಸಿಗೆ ಮಾರುತ್ತಿದ್ದರು. ಕೊಂಡ ಭಿಕ್ಷುಕರು ಜನರ ಕನಿಕರ ಗಳಿಸಲು ಅವುಗಳ ಕೈಕಾಲು ಮುರಿಯುತ್ತಿದ್ದುದೂ ಉಂಟು. ಐವತ್ತು ವರ್ಷಗಳಲ್ಲಿ ಅಲ್ಲಿಂದ ಒಂದು ಮಗುವೂ ಬದುಕಿ ಬಂದ ಸುದ್ದಿ ಇಲ್ಲವೆಂದು ವಿನ್ಸೆಂಟರು ಮಹಿಳೆಯರ ಸಭೆಯಲ್ಲಿ ಹೇಳಿದ್ದರು. ಜ್ಞಾನಸ್ನಾನವಿಲ್ಲದೆ ಸತ್ತ ಮಕ್ಕಳೂ ಎಷ್ಟೋ.

ಮಹಿಳೆಯರು ಆ ಮನೆಯನ್ನು ನೋಡಿಬಂದರು. ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ, ಎಲ್ಲರನ್ನೂ ಸಾಕುವ ಶಕ್ತಿಯೂ ಇರಲಿಲ್ಲ. 1638ರಲ್ಲಿ ಹನ್ನೆರಡು ಮಕ್ಕಳನ್ನು ಮಾತ್ರ ತರುವುದೆಂದಾಯಿತು. ಯಾವ ಹನ್ನೆರಡು? ಚೀಟಿ ಎತ್ತಿದರು. ಓದುಗರೇ, ಈ ಚೀಟಿ ಎತ್ತಿದ ಗಳಿಗೆಯನ್ನು ಒಂದಿಷ್ಟು ಮನಸ್ಸಿನಲ್ಲಿ ತಂದುಕೊಳ್ಳಿ. ಹೆಸರು ಬಾರದ ಕೂಸುಗಳು ಅಲ್ಲೇ ಉಳಿದವು. ಚೀಟಿ ಎತ್ತಿದವರಿಗೆ ನಿದ್ದೆ ಬಂದಿರಲಾರದು. 1640ರ ಜನವರಿಯಲ್ಲಿ ಮತ್ತೆ ಸಭೆ ಸೇರಿ, ಎಲ್ಲ ಮಕ್ಕಳನ್ನೂ ವಹಿಸಿಕೊಳ್ಳುವ ತೀರ್ಮಾನಕ್ಕೆ ಬಂದರು.

ಎಲ್ಲರೂ ಇದನ್ನು ಮೆಚ್ಚಲಿಲ್ಲ. ಇವು ಪಾಪದ ಮಕ್ಕಳು, ದೇವರೇ ಕೈಬಿಟ್ಟವರನ್ನು ಸಾಕುವುದೆಂದರೆ ಪಾಪಕ್ಕೆ ಇಂಬು ಕೊಟ್ಟಂತೆ ಎಂಬ ಮಾತು ಭಕ್ತರ ನಡುವೆಯೇ ಇತ್ತು. ತಂದೆತಾಯಿಯ ಪಾಪಕ್ಕೆ ಕೂಸು ಹೊಣೆಯಲ್ಲವೆಂಬುದೂ, ಕಳೆದುಹೋದವರಿಗಾಗಿಯೇ ಪ್ರಭು ಯೇಸು ಮನುಷ್ಯರಾಗಿ ಬಂದರೆಂಬುದೂ ವಿನ್ಸೆಂಟರ ನಿಲುವಾಗಿತ್ತು. ಈ ಮಕ್ಕಳ ದೈನಂದಿನ ಹೊಣೆ ಹೊತ್ತ ಲೂಯಿಸರ ಹುಟ್ಟನ್ನೂ ಇಲ್ಲಿ ನೆನೆಯಬೇಕು. ಅವರ ತಂದೆ ಕುಲೀನರು. ತಾಯಿ ಯಾರೆಂದು ಯಾವ ದಾಖಲೆಯಲ್ಲೂ ಇಲ್ಲ. ತಾಯಿಯ ಮಡಿಲು ಕಾಣದೆ ಬೆಳೆದ ಹೆಣ್ಣುಮಗಳು ಅವರು.

ಕೂಸುಗಳನ್ನು ಸಾಕುವುದು ಕನಿಕರದ ಕೆಲಸವಷ್ಟೇ ಅಲ್ಲ, ಲೆಕ್ಕದ ಕೆಲಸವೂ ಹೌದು. ಎಳೆಗೂಸುಗಳನ್ನು ಹಳ್ಳಿಗಳಲ್ಲಿ ಹಾಲೂಡಿಸುವ ದಾದಿಯರ ಮನೆಗೆ ಕಳಿಸುತ್ತಿದ್ದರು. ಅವರಿಗೆ ತಿಂಗಳು ತಿಂಗಳು ಸಂಬಳ ಕೊಡಬೇಕು. ಮಕ್ಕಳು ಹೇಗಿದ್ದಾರೆಂದು ಸಿಸ್ಟರುಗಳು ಹಳ್ಳಿಗೆ ಹೋಗಿ ನೋಡಿಬರಬೇಕು. ಹಾಲು ಬಿಟ್ಟ ಮಕ್ಕಳು ಮರಳಿದರೆ ಮನೆ ಬೇಕು, ಓದು ಕಲಿಸಬೇಕು, ಕೈಗೊಂದು ಕಸುಬು ಕೊಡಬೇಕು. ಸೇಂಟ್ ಲಾಜರ್ ಮಠದ ಹತ್ತಿರ 13 ಸಣ್ಣ ಮನೆಗಳನ್ನು ಕಟ್ಟಿಸಿದರು. ಹದಿಮೂರನೆಯ ಲೂಯಿ ದೊರೆ ಮತ್ತು ನಂತರ ರಾಣಿ ಆನ್ ವಾರ್ಷಿಕ ದತ್ತಿ ಕೊಟ್ಟರು. ಆದರೆ ಖರ್ಚು ವರ್ಷಕ್ಕೆ 40,000 ಲೀವ್ರ್‌ವರೆಗೆ ಏರಿತ್ತು. ದತ್ತಿ ಅದರ ಒಂದು ಪಾಲಷ್ಟೇ. ಉಳಿದದ್ದು ಆ ಮಹಿಳೆಯರ ಕೈಚೀಲದಿಂದಲೇ ಬರಬೇಕು.

1647ರ ಹೊತ್ತಿಗೆ ಅವರು ಸೋತರು. ದೇಶದಲ್ಲಿ ಯುದ್ಧ, ಧಾನ್ಯ ದುಬಾರಿ, ಆಸ್ತಿಗಳಿಂದ ಬಾಡಿಗೆ ಬರುತ್ತಿಲ್ಲ. ಮಕ್ಕಳ ಕೆಲಸ ಬಿಟ್ಟುಬಿಡೋಣವೆಂಬ ಮಾತು ಎದ್ದಿತು. ಅವರನ್ನು ನಾವು ಕಲ್ಲೆದೆಯವರೆನ್ನುವಂತಿಲ್ಲ. ಹತ್ತು ವರ್ಷ ಒಂದೇ ಸಮನೆ ಕೊಟ್ಟು ದಣಿದಿದ್ದರು. ಮೊದಲ ದಿನ ಬುಟ್ಟಿ ಹೊತ್ತು ಹೋಗುವುದು ಸುಲಭ. ಹತ್ತನೆಯ ವರ್ಷ ಅದೇ ಬುಟ್ಟಿ ಕಲ್ಲಾಗಿರುತ್ತದೆ. ಸಭೆ ಕರೆದ ವಿನ್ಸೆಂಟರು ಅವರನ್ನು ಗದರಲಿಲ್ಲ. ಖರ್ಚುವೆಚ್ಚವನ್ನು, ಉಳಿದ ಮಕ್ಕಳ ಸಂಖ್ಯೆಯನ್ನು ಮುಂದಿಟ್ಟರು. ಹೆತ್ತವರು ಬಿಟ್ಟ ಮೇಲೆ ಕೃಪೆಯಿಂದ ತಾಯಂದಿರಾದವರು ನೀವು. ಇನ್ನು ತಾಯ್ತನ ಬಿಡುವುದಾದರೆ ಈಗಲೇ ನ್ಯಾಯಾಧೀಶರ ಪೀಠದಲ್ಲಿ ಕುಳಿತು ಈ ಮಕ್ಕಳ ಬದುಕು ಸಾವಿನ ತೀರ್ಪು ಕೊಟ್ಟುಬಿಡಿ ಎಂಬ ಅರ್ಥದಲ್ಲಿ ಕೇಳಿಕೊಂಡರು. ಮಹಿಳೆಯರು ಅತ್ತರು. ಕೆಲಸ ಮುಂದುವರಿಯಿತು.

ಇಲ್ಲಿಗೆ ಎಲ್ಲವೂ ಸುಖವಾಯಿತೆಂದು ಬರೆಯಲು ನನಗೂ ಆಸೆ. ಆದರೆ ಹಾಗಾಗಲಿಲ್ಲ. ರಾಣಿ ಕೊಟ್ಟ ಬಿಸೆತ್ರ್ ಕೋಟೆಗೆ ಮಕ್ಕಳನ್ನು ಸಾಗಿಸಿದರು. ಅಲ್ಲಿನ ಗಾಳಿ ಎಳೆಯರಿಗೆ ಒಗ್ಗದು, ಆ ದೊಡ್ಡ ಕಟ್ಟಡ ಬೇಡವೆಂದು ಲೂಯಿಸ್ ಮೊದಲಿಂದಲೂ ಹೇಳುತ್ತಿದ್ದರು. ಅವರ ಮಾತು ನಡೆಯಲಿಲ್ಲ. ಮಕ್ಕಳು ಒಂದರ ಹಿಂದೊಂದು ಸತ್ತರು. ಅಷ್ಟರಲ್ಲಿ ಅಂತರ್ಯುದ್ಧ ಹೊತ್ತಿ, ಕೋಟೆಯ ಸುತ್ತ ಸೈನಿಕರು ತಿರುಗಾಡತೊಡಗಿದರು. ಸಂಬಳ ಸಿಗದ ದಾದಿಯರು ಕೂಸುಗಳನ್ನು ತಂದು ಒಪ್ಪಿಸತೊಡಗಿದರು. ಕೊನೆಗೆ 1651ರಲ್ಲಿ ಉಳಿದ ಮಕ್ಕಳನ್ನು ಮರಳಿ ಪ್ಯಾರಿಸ್ಸಿಗೆ ತಂದರು. ಸಂತರು ತಪ್ಪುವುದಿಲ್ಲವೆಂದುಕೊಂಡವರು ಇದನ್ನು ಗಮನಿಸಬೇಕು. ದಿನವೂ ಮಕ್ಕಳ ಬಟ್ಟೆ ಒಗೆಯುತ್ತಿದ್ದವರ ಮಾತಿಗೆ ಸಮಯಕ್ಕೆ ಸರಿಯಾಗಿ ಕಿವಿಗೊಡಬೇಕಿತ್ತು.

ಅದೇ ಕಾಲದಲ್ಲಿ ಯುದ್ಧದಿಂದ ಹಾಳಾದ ಲೊರೇನ್ ಪ್ರಾಂತ್ಯದ ಕುಟುಂಬಗಳಿಗೂ ಪ್ಯಾರಿಸ್ಸಿನಿಂದ ನೆರವು ಹೋಗುತ್ತಿತ್ತು. ಬ್ರದರ್ ಮತ್ಯೂ ಎಂಬವರು ಭಿಕ್ಷುಕನಂತೆ ಹರಕು ಜೋಳಿಗೆಯಲ್ಲಿ ಹಣ ಅಡಗಿಸಿಕೊಂಡು, ದರೋಡೆಕೋರರ ನಡುವೆ ಐವತ್ತಕ್ಕೂ ಹೆಚ್ಚು ಸಲ ಹೋಗಿಬಂದರು. 1650ರಿಂದ ಮುಂದೆ, ಹಾಳಾದ ಊರುಗಳಿಂದ ಬಂದ ಕಾಗದಗಳನ್ನು ಅಚ್ಚುಹಾಕಿಸಿ ಪ್ಯಾರಿಸ್ಸಿನಲ್ಲಿ ಹಂಚಿದರು. ಓದಿದವರು ಹಣ, ಬಟ್ಟೆ, ಬಿತ್ತನೆಯ ಬೀಜ ಕೊಟ್ಟರು. ಬಡವರ ಸುದ್ದಿ ಅಚ್ಚಾದ ಆ ಹಾಳೆಗಳು ನಮ್ಮ ಪತ್ರಿಕೆಗಳ ಹಿರಿಯಜ್ಜಿಯರೆನ್ನಬಹುದೇನೋ.

1660ರ ಮಾರ್ಚ್‌ನಲ್ಲಿ ಲೂಯಿಸ್ ತೀರಿಕೊಂಡರು. ಕಾಲಿನ ಹುಣ್ಣುಗಳಿಂದ ನಡೆಯಲಾರದೆ ಕೋಣೆಯಲ್ಲೇ ಇದ್ದ ವಿನ್ಸೆಂಟರಿಗೆ ಅವರನ್ನು ಕೊನೆಯ ಬಾರಿ ನೋಡಲಾಗಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 27ರ ಬೆಳಗಿನ ಜಾವ, ಕುರ್ಚಿಯಲ್ಲಿ ಕುಳಿತಂತೆಯೇ ಅವರ ಪ್ರಾಣ ಹೋಯಿತು. ಹತ್ತು ವರ್ಷದ ನಂತರ, 1670ರಲ್ಲಿ, ಹದಿನಾಲ್ಕನೆಯ ಲೂಯಿ ದೊರೆ ಅನಾಥ ಶಿಶುಗಳ ಆಶ್ರಯವನ್ನು ರಾಜಾಜ್ಞೆಯಿಂದ ಸರ್ಕಾರಿ ಸಂಸ್ಥೆಯಾಗಿಸಿದ. 1737ರಲ್ಲಿ ವಿನ್ಸೆಂಟರಿಗೆ ಸಂತ ಪದವಿ ಬಂತು. ಲೂಯಿಸರಿಗೆ ಬರಲು 1934ರವರೆಗೆ ಕಾಯಬೇಕಾಯಿತು.

ಮೊದಲು ಹೇಳಿದ ಸಭೆ ವಿನ್ಸೆಂಟರು ಕಟ್ಟಿದ್ದಲ್ಲ. ಅದು 1833ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿತು. ಫ್ರೆಡ್ರಿಕ್ ಓಜನಾಮ್ ಎಂಬ ಇಪ್ಪತ್ತರ ವಿದ್ಯಾರ್ಥಿ, ಅವನ ಕೆಲವು ಗೆಳೆಯರು. ಬಡವರಿಗೆ ಏನಾದರೂ ಮಾಡಬೇಕೆಂಬ ಉತ್ಸಾಹವಿತ್ತು, ಯಾವ ಮನೆಗೆ ಹೋಗಬೇಕೆಂಬುದು ಗೊತ್ತಿರಲಿಲ್ಲ. ವಿನ್ಸೆಂಟರೂ ಲೂಯಿಸರೂ ಆರಂಭಿಸಿದ ಸಭೆಯ ಸಿಸ್ಟರ್ ರೋಸಲಿ ರಂದು ಅದೇ ನಗರದ ಕೊಳೆಗೇರಿಯಲ್ಲಿ ಸೇವೆ ಮಾಡುತ್ತಿದ್ದರು. ಹುಡುಗರು ಅವರಲ್ಲಿಗೆ ಹೋದರು. ಸಿಸ್ಟರ್ ಅವರನ್ನು ಕೂಡಿಸಿ, ಕೆಲವು ಕುಟುಂಬಗಳ ವಿಳಾಸ ಕೊಟ್ಟು, ಆ ಮನೆಗಳಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ತಿಳಿಸಿ, ರೊಟ್ಟಿಯ ಚೀಟಿಗಳನ್ನು ಕೈಗಿತ್ತು ಕಳಿಸಿದರು.