ನಿಂತ ಓದಿಗೆ ದಾರಿ ತೆರೆದ ದುರ್ಗಾಬಾಯಿ ದೇಶಮುಖ್

ಗಡಿನಾಡಿನ ನಮ್ಮ ಮನೆಗಳಲ್ಲಿ ಓದು ಅರ್ಧಕ್ಕೆ ನಿಂತವರು ಅಪರೂಪವಲ್ಲ. ಊರಿನ ಕನ್ನಡ ಶಾಲೆಯ ತರಗತಿಗಳು ಮುಗಿದೊಡನೆ, ಮುಂದಿನ ಶಾಲೆ ದೂರವೆಂದೋ, ಬೋಧನ ಭಾಷೆ ಬೇರೆಯೆಂದೋ, ಮದುವೆ ಗೊತ್ತಾಯಿತೆಂದೋ ಪುಸ್ತಕವನ್ನು ಕೆಳಗಿಟ್ಟವರನ್ನು ನಾವೆಲ್ಲರೂ ಬಲ್ಲೆವು. ಅಂಥವರ ಏಳಿಗೆಗಾಗಿ ದುಡಿದ ದುರ್ಗಾಬಾಯಿ ದೇಶಮುಖರನ್ನು ಈ ಸಂಚಿಕೆಯಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ.

ಆಂಧ್ರದ ರಾಜಮಹೇಂದ್ರಿಯಲ್ಲಿ 1909ರ ಜುಲೈ 15ರಂದು ಜನಿಸಿದ ಅವರಿಗೆ ಎಂಟನೆಯ ವಯಸ್ಸಿನಲ್ಲಿಯೇ ವಿವಾಹವಾಯಿತು. ದೊಡ್ಡವರಾದ ಮೇಲೆ ಆ ಬಂಧನದಿಂದ ಬಿಡಿಸಿಕೊಂಡರು. ಇಂಗ್ಲಿಷಿನಲ್ಲಿಯೇ ಪಾಠ ಹೇಳಬೇಕೆಂಬ ಹೇರಿಕೆಯನ್ನು ಪ್ರತಿಭಟಿಸಿ ಬಾಲ್ಯದಲ್ಲಿ ಶಾಲೆಯನ್ನು ತೊರೆದರು. ಶಾಲೆ ತಪ್ಪಿದರೂ ವಿದ್ಯೆಯ ಹಂಬಲ ತಪ್ಪಲಿಲ್ಲ. ಹಿಂದಿ ಕಲಿತು, ಊರಿನ ಬಾಲಿಕೆಯರಿಗಾಗಿ ಹಿಂದಿ ಪಾಠಶಾಲೆಯೊಂದನ್ನು ತೆರೆದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಧುಮುಕಿ, 1933ರೊಳಗಾಗಿ ಮೂರು ಬಾರಿ ಸೆರೆವಾಸ ಅನುಭವಿಸಿದರು.

ಇಪ್ಪತ್ತು ದಾಟಿದ ಮೇಲೆ ಓದನ್ನು ಮತ್ತೆ ಕೈಗೆತ್ತಿಕೊಂಡು, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಆಂಧ್ರ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರವನ್ನು ಓದಿ, 1942ರಲ್ಲಿ ಮದರಾಸಿನಲ್ಲಿ ನ್ಯಾಯಶಾಸ್ತ್ರದ ಪದವಿ ಪಡೆದರು. ತಮ್ಮ ಓದು ಮುಗಿಯುವವರೆಗೆ ಇತರರ ಓದನ್ನು ಕಾಯಿಸಲಿಲ್ಲ. 1937ರಲ್ಲಿ ಮದರಾಸಿನಲ್ಲಿ ಅವರು ಸ್ಥಾಪಿಸಿದ ಆಂಧ್ರ ಮಹಿಳಾ ಸಭೆಯು ತೆಲುಗು ತರುಣಿಯರನ್ನು ಅದೇ ಬನಾರಸ್ ಪರೀಕ್ಷೆಗೆ ಸಿದ್ಧಗೊಳಿಸಿತು. ತಾವು ದಾಟಿದ ಹೊಳೆಗೆ ಹಿಂದೆ ಬರುವವರಿಗಾಗಿ ಸೇತುವೆ ಕಟ್ಟಿದರೆನ್ನಬಹುದು.

ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದ ಅವರು 1953ರಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಲಿಯ ಪ್ರಥಮ ಅಧ್ಯಕ್ಷೆಯಾದರು. ಗ್ರಾಮಸೇವೆಗೆ ಶಿಕ್ಷಕಿಯರೂ ದಾದಿಯರೂ ಬೇಕಾಗಿದ್ದರು. ಆದರೆ ಹಳ್ಳಿಗಳಲ್ಲಿ ಅಷ್ಟು ಓದಿದ ಸ್ತ್ರೀಯರು ವಿರಳರಾಗಿದ್ದರು. ಇದಕ್ಕೆ ಪರಿಹಾರವಾಗಿ ಮಂಡಲಿಯು 1958ರಲ್ಲಿ ವಯಸ್ಕ ಸ್ತ್ರೀಯರಿಗಾಗಿ ಸಂಕ್ಷಿಪ್ತ ಶಿಕ್ಷಣಕ್ರಮವನ್ನು ಆರಂಭಿಸಿತು. ಸ್ವಯಂಸೇವಾ ಸಂಸ್ಥೆಗಳು ಮಂಡಲಿಯ ಧನಸಹಾಯದಿಂದ ತರಗತಿಗಳನ್ನು ನಡೆಸಿ, ಶಾಲೆ ಬಿಟ್ಟ ಸ್ತ್ರೀಯರನ್ನು ಸುಮಾರು ಎರಡು ವರ್ಷಗಳಲ್ಲಿ ಮೆಟ್ರಿಕ್ ಪರೀಕ್ಷೆಗೆ ಅಣಿಗೊಳಿಸುತ್ತಿದ್ದವು. ವಿಧವೆಯರೂ ಪರಿತ್ಯಕ್ತೆಯರೂ ಸ್ವಂತ ದುಡಿಮೆಯಿಂದ ಬಾಳಲು ಇದು ಹಾದಿಯಾಯಿತು.

1975ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗೆ ಪಾತ್ರರಾದ ಈ ಮಹನೀಯೆ 1981ರ ಮೇ 9ರಂದು ದಿವಂಗತರಾದರು.

ವಯಸ್ಸು ಮೀರಿತೆಂದು ನಾವು ಕೈಬಿಟ್ಟ ಸೊಸೆಯೋ ಮಗಳೋ ಮನೆಯಲ್ಲಿದ್ದರೆ, ಅವಳ ಕೈಗೆ ಮರಳಿ ಪುಸ್ತಕವನ್ನು ಕೊಡೋಣ. ದಿನಕ್ಕೆ ಒಂದು ಗಂಟೆ ಮನೆಗೆಲಸದಿಂದ ಅವಳಿಗೆ ಬಿಡುವು ಕೊಡೋಣ. ಪರೀಕ್ಷೆಯ ಶುಲ್ಕವನ್ನು ನಾವೇ ಕಟ್ಟೋಣ. ದುರ್ಗಾಬಾಯಿಯವರಿಗೆ ನಾವು ಸಲ್ಲಿಸಬಹುದಾದ ಗೌರವ ಇದೇ.