ಚಿಂಚೋಳಿಯ ವೀರೇಂದ್ರ ಪಾಟೀಲರು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹಬ್ಬಿರುವ ನಮ್ಮ ಈ ಸೀಮೆಯನ್ನು ಪ್ರಾಚೀನ ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳು ಈ ನಾಡಿನ ನಡುಭಾಗದಲ್ಲಿವೆ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರರೊಬ್ಬರ ಕಣ್ಣಿಗೆ ಬಿದ್ದ ಮಸ್ಕಿಯ ಬಂಡೆಶಾಸನದಲ್ಲಿ ಅಶೋಕನ ಹೆಸರು ಸ್ಪಷ್ಟವಾಗಿ ದೊರೆತದ್ದು, ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಅದರಿಂದ ಸ್ಥಿರಪಟ್ಟದ್ದು ಇಲ್ಲಿಯ ಶಾಲಾಬಾಲಕರೂ ಬಲ್ಲ ಸಂಗತಿ. ಅಂದು ಪಾಟಲಿಪುತ್ರದಿಂದ ಬಂದ ರಾಜಾಜ್ಞೆ ಮುಂದೆ ಬೇರೆ ಬೇರೆ ರಾಜಧಾನಿಗಳಿಂದ ಬಂದಿತು. ಎರಡು ಹೊಳೆಗಳ ನಡುವಣ ಈ ಫಲವತ್ತಾದ ನೆಲಕ್ಕಾಗಿ ಅನೇಕ ಅರಸುಮನೆತನಗಳು ಕಾದಾಡಿದುವು. ನೆಲದ ಹಣೆಬರಹ ಮಾತ್ರ ಬಹುಮಟ್ಟಿಗೆ ಹೊರಗೇ ತೀರ್ಮಾನವಾಗುತ್ತಿತ್ತು. ಕೊನೆಯದಾಗಿ ಹೈದರಾಬಾದಿನ ನಿಜಾಮರ ಆಡಳಿತ 1948ರ ಸೆಪ್ಟೆಂಬರ್ 17ರಂದು ಮುಗಿದು, 1956ರ ನವೆಂಬರ್ 1ರಂದು ರಾಯಚೂರು, ಗುಲ್ಬರ್ಗಾ, ಬೀದರ ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿದುವು. ಆಗಲೂ ಬೆಂಗಳೂರು ನಮಗೆ ದೂರವೇ ಆಗಿತ್ತು.

ಈ ಮೂರು ಜಿಲ್ಲೆಗಳ ಕಡೆಯಿಂದ ಹೋಗಿ ಆ ರಾಜ್ಯದ ಮುಖ್ಯಮಂತ್ರಿ ಪೀಠವನ್ನೇರಿದ ಮೊದಲಿಗರು ದಿವಂಗತ ಶ್ರೀ ವೀರೇಂದ್ರ ಪಾಟೀಲರು. ಅವರು ನಮ್ಮ ತಾಲ್ಲೂಕುಗಳವರಲ್ಲ, ಗುಲ್ಬರ್ಗಾ ಜಿಲ್ಲೆಯ ಚಿಂಚೋಳಿಯವರು. ಆದರೂ ಇಲ್ಲಿಯ ಕಾಲುವೆಯ ನೀರಿಗೂ ಅವರ ರಾಜಕೀಯ ಜೀವನಕ್ಕೂ ಸಂಬಂಧವುಂಟು. ಅಧಿಕಾರವನ್ನು ಅವರು ಪಡೆದ ಬಗೆಯಲ್ಲಿಯೂ ಕಳೆದುಕೊಂಡ ಬಗೆಯಲ್ಲಿಯೂ ಈ ಸೀಮೆಯ ಜನರು ಯೋಚಿಸಬೇಕಾದ ಅಂಶಗಳಿವೆ. ಆದುದರಿಂದ ಅವರ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಪಾಟೀಲರು ಜನಿಸಿದ್ದು 1924ರ ಫೆಬ್ರವರಿ 28ರಂದು. ಚಿಂಚೋಳಿಗೆ ನೆರೆಯದಾದ ಸೇಡಂ ತಾಲ್ಲೂಕಿನಲ್ಲಿ ರಾಷ್ಟ್ರಕೂಟರ ಮಾನ್ಯಖೇಟ, ಇಂದಿನ ಮಳಖೇಡ, ಇದೆ. ಜಿನಸೇನಾಚಾರ್ಯರ ಶಿಷ್ಯನಾದ ಅಮೋಘವರ್ಷ ನೃಪತುಂಗನು ವಿವೇಕದಿಂದ ರಾಜ್ಯವನ್ನು ತಾನಾಗಿಯೇ ತ್ಯಜಿಸಿದನೆಂಬ ಪ್ರತೀತಿಯಿರುವ ನೆಲವದು. ಪಾಟೀಲರಿಗೆ ಅಂತಹ ಅವಕಾಶ ಒದಗಲಿಲ್ಲ. ಅದು ಮುಂದಿನ ಮಾತು. ಅವರ ಬಾಲ್ಯಕಾಲದಲ್ಲಿ ಕಚೇರಿಯ ಭಾಷೆ ಉರ್ದು, ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ಮನೆಯಲ್ಲಿ ಕನ್ನಡ, ಕಾಗದಪತ್ರದಲ್ಲಿ ಉರ್ದು, ಪಕ್ಕದ ಊರಿನಲ್ಲಿ ತೆಲುಗು ಅಥವಾ ಮರಾಠಿ ಎಂಬ ಈ ವಾತಾವರಣದಲ್ಲಿ ಬೆಳೆದ ತಲೆಮಾರಿಗೆ ಅವರು ಸೇರಿದವರು. ಕಾನೂನನ್ನು ಅಭ್ಯಾಸಮಾಡಿ ವಕೀಲರಾದರು.

ಏಕೀಕರಣದ ನಂತರ ನಡೆದ ಮೊದಲ ಚುನಾವಣೆಯಲ್ಲಿ, 1957ರಲ್ಲಿ, ಅವರು ಕಾಂಗ್ರೆಸ್ ಅಭ್ಯರ್ಥಿಯಾಗಿ ಚಿಂಚೋಳಿಯಿಂದ ವಿಧಾನಸಭೆಗೆ ಆಯ್ಕೆಯಾದರು. 1962 ಮತ್ತು 1967ರಲ್ಲಿಯೂ ಅದೇ ಕ್ಷೇತ್ರ ಅವರನ್ನು ಕಳುಹಿಸಿಕೊಟ್ಟಿತು. ಶಾಸಕರಾಗಿ ಅವರು ಬೇಗನೆ ಎಸ್. ನಿಜಲಿಂಗಪ್ಪನವರ ಗಮನ ಸೆಳೆದರು. ಉತ್ತರ ಕನ್ನಡದ ರಾಮಕೃಷ್ಣ ಹೆಗಡೆಯವರೂ ಪಾಟೀಲರೂ ನಿಜಲಿಂಗಪ್ಪನವರಿಗೆ ಎಷ್ಟು ಹತ್ತಿರದವರಾಗಿದ್ದರೆಂದರೆ ಜನರು ಆ ಇಬ್ಬರನ್ನು ಲವ-ಕುಶರೆಂದು ಕರೆಯತೊಡಗಿದರು. ಹೆಗಡೆಯವರದು ಮಾತಿನ ಚಾತುರ್ಯ. ಪಾಟೀಲರದು ಮಿತಭಾಷೆ, ಕಡತವನ್ನು ತಾವೇ ಓದಿ ನಿರ್ಣಯಿಸುವ ಅಭ್ಯಾಸ.

ನಿಜಲಿಂಗಪ್ಪನವರ ಸಂಪುಟದಲ್ಲಿ ಪಾಟೀಲರು ಲೋಕೋಪಯೋಗಿ ಖಾತೆಯನ್ನು ನಿರ್ವಹಿಸಿದರು. ರಸ್ತೆ, ಸೇತುವೆ, ಅಣೆಕಟ್ಟುಗಳನ್ನು ಕಟ್ಟುವ ಖಾತೆ ಅಂದಿನ ರಾಜ್ಯದಲ್ಲಿ ಬಹು ಮುಖ್ಯವಾದುದು. ಅದರ ಮಹತ್ವವನ್ನು ನಮ್ಮ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿದ್ದು, 1953ರಲ್ಲಿ ಕಾಲುವೆಗೆ ನೀರು ಹರಿದಿತ್ತು. ಆದರೆ ಮುಖ್ಯ ಕಾಲುವೆಗೆ ನೀರು ಬಿಟ್ಟ ಮಾತ್ರಕ್ಕೆ ಹೊಲಕ್ಕೆ ನೀರು ಬರುವುದಿಲ್ಲ. 227 ಕಿಲೋಮೀಟರು ಉದ್ದದ ಎಡದಂಡೆ ಕಾಲುವೆಯಿಂದ ವಿತರಣಾ ನಾಲೆಗಳು, ಅವುಗಳಿಂದ ಉಪನಾಲೆಗಳು, ಅವುಗಳಿಂದ ಹೊಲಗಾಲುವೆಗಳು ಕವಲೊಡೆಯಬೇಕು. ಜೋಳ ಹತ್ತಿ ಬೆಳೆದ ಎರೆಭೂಮಿಯನ್ನು ಸಮತಟ್ಟುಗೊಳಿಸಬೇಕು. ಈ ಕೆಲಸ ಗಂಗಾವತಿಯಿಂದ ಸಿಂಧನೂರಿಗೆ, ಸಿಂಧನೂರಿನಿಂದ ಮಾನ್ವಿಗೆ ಸಾಗಲು ವರ್ಷಗಳೇ ಹಿಡಿದುವು. ನೀರಿನ ಬೇಸಾಯ ಬಲ್ಲ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು, ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸಿಂಧನೂರು ತಾಲ್ಲೂಕಿನಲ್ಲಿ ನೆಲೆ ದೊರೆಯಿತು, ಒಣ ಸೀಮೆ ಭತ್ತದ ಸೀಮೆಯಾಯಿತು. ಕಾಲುವೆಯ ಕೊನೆಯಂಚಿನವರಿಗೆ ನೀರು ಸಾಲದೆಂಬ ದೂರು ಅಂದೇ ಹುಟ್ಟಿಕೊಂಡಿತು, ಇನ್ನೂ ಮುಗಿದಿಲ್ಲ.

ಲಿಂಗಸುಗೂರಿನ ಕಡೆಯ ಕಥೆ ಇನ್ನೂ ನಿಧಾನವಾದುದು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರ ಮೇ ತಿಂಗಳಲ್ಲಿ ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟವರು ಲಾಲ್ ಬಹಾದೂರ್ ಶಾಸ್ತ್ರಿಯವರು. ಆಗ ಅವರಿನ್ನೂ ಪ್ರಧಾನಿಯಾಗಿರಲಿಲ್ಲ. ನಾರಾಯಣಪುರದ ಅಣೆಕಟ್ಟು ಮುಗಿದದ್ದು 1982ರಲ್ಲಿ. ಬಲದಂಡೆ ಕಾಲುವೆಯ ನೀರಿಗಾಗಿ ಲಿಂಗಸುಗೂರು, ದೇವದುರ್ಗದ ರೈತರು ಆ ಬಳಿಕವೂ ಬಹುಕಾಲ ಕಾಯಬೇಕಾಯಿತು. ಮಸ್ಕಿ ಭಾಗದ ಹಳ್ಳಿಗಳವರಂತೂ 5ಎ ಕಾಲುವೆಗಾಗಿ 2020ರಲ್ಲಿಯೂ ಪಾಮನಕಲ್ಲೂರಿನಲ್ಲಿ ಧರಣಿ ಕೂಡಬೇಕಾಯಿತು.

1968ರ ಆರಂಭದಲ್ಲಿ ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದುದರಿಂದ ಮುಖ್ಯಮಂತ್ರಿ ಸ್ಥಾನ ತೆರವಾಯಿತು. ಆ ವರ್ಷದ ಮೇ 29ರಂದು ವೀರೇಂದ್ರ ಪಾಟೀಲರು ಅಧಿಕಾರ ವಹಿಸಿಕೊಂಡರು. ಆಗ ಅವರಿಗೆ 44 ವರ್ಷ. ಹೈದರಾಬಾದು ಕರ್ನಾಟಕದ ಜನರಿಗೆ ಇದು ಸಾಮಾನ್ಯ ಸಂಗತಿಯಾಗಿರಲಿಲ್ಲ. ರಾಜ್ಯ ಸೇರಿದ ಹನ್ನೆರಡನೆಯ ವರ್ಷದಲ್ಲಿ ನಮ್ಮ ಕಡೆಯವರೊಬ್ಬರು ವಿಧಾನಸೌಧದ ಆ ಕೊಠಡಿಯನ್ನು ಪ್ರವೇಶಿಸಿದ್ದರು.

ಅವರ ಮೊದಲ ಆಡಳಿತದಲ್ಲಿ ನೀರಿನ ಪ್ರಶ್ನೆಯೇ ಎದ್ದುಕಾಣುತ್ತದೆ. ಕೃಷ್ಣೆಯ ನೀರಿನ ಹಂಚಿಕೆಯ ವಿವಾದ 1969ರ ಏಪ್ರಿಲಿನಲ್ಲಿ ನ್ಯಾಯಮೂರ್ತಿ ಬಚಾವತ್ ಅವರ ನ್ಯಾಯಮಂಡಲಿಯ ಮುಂದೆ ಬಂದಿತು. ಆ ಮಂಡಲಿಯ ತೀರ್ಪಿನಲ್ಲಿ ನಮ್ಮ ರಾಜ್ಯಕ್ಕೆ 700 ಟಿ.ಎಂ.ಸಿ. ಎಂದು ನಿಗದಿಯಾಯಿತು. ಕಾವೇರಿ ಕಣಿವೆಯಲ್ಲಿ ಹಾರಂಗಿ, ಹೇಮಾವತಿ ಮುಂತಾದ ಯೋಜನೆಗಳನ್ನು ಕೇಂದ್ರದ ಒಪ್ಪಿಗೆಗಾಗಿ ಕಾಯುತ್ತ ಕೂಡದೆ ರಾಜ್ಯದ ಬೊಕ್ಕಸದಿಂದಲೇ ನಡೆಸುವ ಧೈರ್ಯವನ್ನು ಅವರ ಸರ್ಕಾರ ತೋರಿತು. ವಿದ್ಯುಚ್ಛಕ್ತಿ ಉತ್ಪಾದನೆಗೆ ಪ್ರತ್ಯೇಕ ನಿಗಮ ಸ್ಥಾಪಿತವಾದದ್ದು 1970ರಲ್ಲಿ. ಮುಂದೆ ರಾಯಚೂರಿನ ಶಕ್ತಿನಗರದಲ್ಲಿ ಶಾಖೋತ್ಪನ್ನ ಕೇಂದ್ರವನ್ನು ಕಟ್ಟಿದ್ದು ಆ ನಿಗಮವೇ. ಇವೆಲ್ಲ ಒಪ್ಪತಕ್ಕ ಕಾರ್ಯಗಳು. ಆದರೆ ಉಳುವವನಿಗೆ ಭೂಮಿ, ಹಿಂದುಳಿದವರಿಗೆ ಪ್ರಾತಿನಿಧ್ಯ ಎಂಬ ಪ್ರಶ್ನೆಗಳಿಗೆ ಆ ಸರ್ಕಾರ ಗಟ್ಟಿಯಾದ ಉತ್ತರ ಕೊಡಲಿಲ್ಲವೆಂಬುದನ್ನೂ ಹೇಳಲೇಬೇಕು. ಆ ಕೆಲಸ ದೇವರಾಜ ಅರಸರ ಪಾಲಿಗೆ ಉಳಿಯಿತು. ಜನರ ಒಲವು ಬೇಗನೆ ಅತ್ತ ತಿರುಗಿದುದಕ್ಕೆ ಇದೂ ಒಂದು ಕಾರಣ.

1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ಜರುಗಿತು. ಇಂದಿರಾ ಗಾಂಧಿಯವರಿಗೂ ಹಿರಿಯ ಮುಖಂಡರಿಗೂ ಇದ್ದ ವಿರಸ ಅಲ್ಲಿ ಬಯಲಿಗೆ ಬಂದು, ವರ್ಷಾಂತ್ಯದೊಳಗೆ ಪಕ್ಷ ಎರಡಾಯಿತು. ಪಾಟೀಲರು ತಮ್ಮನ್ನು ಬೆಳೆಸಿದ ನಿಜಲಿಂಗಪ್ಪನವರ ಪಕ್ಷದಲ್ಲಿಯೇ ನಿಂತರು. ಗುರುನಿಷ್ಠೆಯೆಂದು ಕೆಲವರು ಹೊಗಳಿದರು, ಕಾಲದ ಗಾಳಿಯನ್ನು ಅರಿಯಲಿಲ್ಲವೆಂದು ಕೆಲವರು ಹಳಿದರು. 1971ರ ಮಾರ್ಚ್ ತಿಂಗಳ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಇಂದಿರಾ ಗಾಂಧಿಯವರ ಪಕ್ಷಕ್ಕೆ ಸಂದುವು. ಆ ಚುನಾವಣೆ ನಡೆದದ್ದು ದೆಹಲಿಯ ಗದ್ದುಗೆಗಾಗಿ, ವಿಧಾನಸಭೆಗಾಗಿ ಅಲ್ಲ. ಆದರೆ ಫಲಿತಾಂಶ ಬಂದೊಡನೆ ಬೆಂಗಳೂರಿನ ಶಾಸಕರು ಒಬ್ಬೊಬ್ಬರಾಗಿ ಪಕ್ಷ ಬದಲಿಸಿದರು. ಮಾರ್ಚ್ 18ರಂದು ಪಾಟೀಲರ ಸರ್ಕಾರ ಕೊನೆಗೊಂಡಿತು. ರಾಷ್ಟ್ರಪತಿ ಆಳ್ವಿಕೆ ಬಂದಿತು.

ಮುಂದಿನ ವರ್ಷದಿಂದ ಅವರು ರಾಜ್ಯಸಭೆಯ ಸದಸ್ಯರಾಗಿದ್ದರು, ಆಮೇಲೆ ಜನತಾ ಪಕ್ಷವನ್ನು ಸೇರಿದರು. 1978ರಲ್ಲಿ ಚಿಕ್ಕಮಗಳೂರಿನ ಸಂಸತ್ಸದಸ್ಯರಾದ ಡಿ. ಬಿ. ಚಂದ್ರೇಗೌಡರು ಇಂದಿರಾ ಗಾಂಧಿಯವರಿಗಾಗಿ ಸ್ಥಾನ ಬಿಟ್ಟುಕೊಟ್ಟಾಗ, ಎದುರಾಳಿಯಾಗಿ ಜನತಾ ಪಕ್ಷ ಆರಿಸಿದ್ದು ಪಾಟೀಲರನ್ನು. ಜಾರ್ಜ್ ಫರ್ನಾಂಡಿಸರು ಪ್ರಚಾರದ ಹೊಣೆ ಹೊತ್ತರು, ದೇಶವಿದೇಶಗಳ ಪತ್ರಕರ್ತರು ಮಲೆನಾಡಿನ ಮಳೆಯಲ್ಲಿ ಅಲೆದರು. ಇಂದಿರಾ ಗಾಂಧಿಯವರು 70 ಸಾವಿರಕ್ಕೂ ಮಿಗಿಲಾದ ಮತಗಳ ಅಂತರದಿಂದ ಗೆದ್ದರು. ಬಯಲುಸೀಮೆಯ ಚಿಂಚೋಳಿಯವರಿಗೆ ಕಾಫಿ ತೋಟಗಳ ನಡುವೆ ದೊರೆತ ಮತಗಳೂ ಕಡಮೆಯೇನಲ್ಲ.

ಆಶ್ಚರ್ಯವೆಂದರೆ, 1980ರಲ್ಲಿ ಅದೇ ಇಂದಿರಾ ಗಾಂಧಿಯವರ ಪಕ್ಷದಿಂದ ಬಾಗಲಕೋಟೆಯಲ್ಲಿ ಗೆದ್ದು ಅವರು ಕೇಂದ್ರ ಸಂಪುಟ ಸೇರಿದರು. 1984ರಲ್ಲಿ ಗುಲ್ಬರ್ಗಾದಿಂದ ಲೋಕಸಭೆಗೆ ಆಯ್ಕೆಯಾದರು. ಪೆಟ್ರೋಲಿಯಂ, ನೌಕಾಸಾರಿಗೆ, ಕಾರ್ಮಿಕ ಮತ್ತು ಪುನರ್ವಸತಿ ಮೊದಲಾದ ಖಾತೆಗಳು ಅವರ ಕೈಯಲ್ಲಿದ್ದುವು. ಪಕ್ಷಾಂತರದ ಈ ಅಧ್ಯಾಯವನ್ನು ಅವರ ಅಭಿಮಾನಿಗಳು ಸಾಮಾನ್ಯವಾಗಿ ಬೇಗನೆ ದಾಟಿಬಿಡುತ್ತಾರೆ. ಲವ-ಕುಶರು ಬೇರೆಯಾದದ್ದೂ ಆಗಲೇ. 1983ರಲ್ಲಿ ಹೆಗಡೆಯವರು ಜನತಾ ಪಕ್ಷದಿಂದ ಮುಖ್ಯಮಂತ್ರಿಯಾದರು. ಪಾಟೀಲರು ಎದುರು ಪಕ್ಷದಲ್ಲಿದ್ದರು.

1989ರ ಏಪ್ರಿಲಿನಲ್ಲಿ ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು ಸದನದಲ್ಲಿ ಬಲ ತೋರಿಸಲು ಅವಕಾಶವೀಯದೆ ವಜಾಮಾಡಲಾಯಿತು. ಆ ವರ್ಷಾಂತ್ಯದ ಚುನಾವಣೆಗೆ ರಾಜ್ಯ ಕಾಂಗ್ರೆಸ್ಸಿನ ನಾಯಕತ್ವ ಪಾಟೀಲರದು. ವಿಧಾನಸಭೆಯ 224 ಸ್ಥಾನಗಳಲ್ಲಿ 178 ಕಾಂಗ್ರೆಸ್ಸಿಗೆ ಬಂದುವು. ದೇಶದಲ್ಲಿ ರಾಜೀವ್ ಗಾಂಧಿಯವರು ಸೋತ ಹೊತ್ತಿನಲ್ಲಿ ಇಲ್ಲಿ ಲೋಕಸಭೆಯ 28ರಲ್ಲಿ 27 ಸ್ಥಾನಗಳನ್ನು ಅವರ ಪಕ್ಷ ಗೆದ್ದಿತು. ಕೈತಪ್ಪಿದ ಒಂದೇ ಸ್ಥಾನ ಕೊಪ್ಪಳ. ನಮ್ಮ ಸಿಂಧನೂರು ಸೇರಿದ್ದ ಕ್ಷೇತ್ರವದು. ತಮ್ಮ ಕಡೆಯವರೊಬ್ಬರು ಮುಖ್ಯಮಂತ್ರಿಯಾಗಲಿದ್ದಾಗ ನಮ್ಮ ಮತದಾರರು ಜನತಾ ದಳಕ್ಕೆ ಒಲಿದದ್ದು ಈ ನಾಡಿನ ಸ್ವತಂತ್ರ ಮನಸ್ಸಿಗೆ ತಕ್ಕುದಾಗಿಯೇ ಇದೆ.

ಚಿಂಚೋಳಿಯಿಂದ ಮತ್ತೆ ಶಾಸಕರಾದ ಪಾಟೀಲರು 1989ರ ನವೆಂಬರ್ 30ರಂದು ಎರಡನೆಯ ಬಾರಿ ಮುಖ್ಯಮಂತ್ರಿಯಾದರು. ಅಬಕಾರಿ ತೆರಿಗೆಯ ಸೋರಿಕೆ ತಡೆಯಲು ಬಿಗಿ ಕ್ರಮ ಕೈಗೊಂಡರು; ಸಾರಾಯಿ ಗುತ್ತಿಗೆದಾರರ ಹಗೆ ಕಟ್ಟಿಕೊಂಡರೆಂಬ ಮಾತು ಆಗ ನಾಡಿನ ತುಂಬ ಇತ್ತು. ಶಿಫಾರಸುಗಳಿಗೆ ಬಾಗದ ಅವರ ಸ್ವಭಾವದಿಂದ ಸ್ವಪಕ್ಷದ ಶಾಸಕರಲ್ಲಿಯೂ ಅಸಮಾಧಾನ ಬೆಳೆಯಿತು. ವರ್ಷ ತುಂಬುವ ಮೊದಲೇ ಅವರು ಪಾರ್ಶ್ವವಾಯುವಿಗೆ ತುತ್ತಾಗಿ ಹಾಸಿಗೆ ಹಿಡಿದರು. ಅದೇ ವೇಳೆಗೆ ಚನ್ನಪಟ್ಟಣ, ರಾಮನಗರ, ದಾವಣಗೆರೆಗಳಲ್ಲಿ ಕೋಮುಗಲಭೆ ಹೊತ್ತಿಕೊಂಡಿತು.

1990ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿಯವರು ಬೆಂಗಳೂರಿಗೆ ಬಂದು, ಕಾಯಿಲೆಯಲ್ಲಿದ್ದ ಮುಖ್ಯಮಂತ್ರಿಯನ್ನು ಸ್ವಲ್ಪ ಹೊತ್ತು ಕಂಡು, ವಿಮಾನ ನಿಲ್ದಾಣದಲ್ಲಿ ಪತ್ರಕರ್ತರೆದುರು ನಾಯಕತ್ವದ ಬದಲಾವಣೆಯನ್ನು ಪ್ರಕಟಿಸಿಬಿಟ್ಟರು. ಪಾಟೀಲರು ಒಪ್ಪಲಿಲ್ಲ. ಗಲಭೆಯ ದಿನಗಳಲ್ಲಿ ಆಡಳಿತ ನಡೆಸಲು ಆರೋಗ್ಯವಂತರು ಬೇಕೆಂಬ ವಾದದಲ್ಲಿ ಹುರುಳಿರಬಹುದು. ಆದರೆ 178 ಶಾಸಕರ ಪಕ್ಷದ ನಾಯಕನು ಆ ಶಾಸಕರ ಸಭೆಗೆ ಉತ್ತರ ಹೇಳುವ ಮುನ್ನವೇ ವಿಮಾನ ನಿಲ್ದಾಣದಲ್ಲಿ ಪದಚ್ಯುತನಾದುದು ಪ್ರಜಾಪ್ರಭುತ್ವದ ರೀತಿಯಲ್ಲ. ಅಕ್ಟೋಬರ್ 10ರಿಂದ ಒಂದು ವಾರ ರಾಷ್ಟ್ರಪತಿ ಆಳ್ವಿಕೆಯಿದ್ದು, 17ರಂದು ಎಸ್. ಬಂಗಾರಪ್ಪನವರು ಮುಖ್ಯಮಂತ್ರಿಯಾದರು.

ಬೊಮ್ಮಾಯಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1994ರಲ್ಲಿ ತೀರ್ಪಿತ್ತು, ಸರ್ಕಾರದ ಬಹುಮತವನ್ನು ಅಳೆಯತಕ್ಕ ಸ್ಥಳ ಸದನವೇ ಹೊರತು ರಾಜ್ಯಪಾಲರ ಅಭಿಪ್ರಾಯವಲ್ಲವೆಂದು ಸಾರಿತು. ಪಕ್ಷದ ವರಿಷ್ಠರು ತಮ್ಮದೇ ಮುಖ್ಯಮಂತ್ರಿಯನ್ನು ಇಳಿಸುವುದಕ್ಕೆ ಅಂತಹ ಕಟ್ಟುಪಾಡು ಯಾವುದೂ ಬರಲಿಲ್ಲ. ಮತದಾರರು ಮಾತ್ರ ಮರೆಯಲಿಲ್ಲ. ಪಾಟೀಲರು ಹುಟ್ಟಿಬಂದ ಲಿಂಗಾಯತ ಸಮಾಜದ ಬಹುಭಾಗ ಕಾಂಗ್ರೆಸ್ಸಿನಿಂದ ದೂರ ಸರಿಯಿತು. 1994ರ ಚುನಾವಣೆಯಲ್ಲಿ 178 ಸ್ಥಾನಗಳ ಪಕ್ಷ 34ಕ್ಕೆ ಇಳಿಯಿತು.

ವೀರೇಂದ್ರ ಪಾಟೀಲರು 1997ರ ಮಾರ್ಚ್ 14ರಂದು ನಿಧನ ಹೊಂದಿದರು. ಅಂದು ಅವರ ಹಳೆಯ ಪಕ್ಷ ರಾಜ್ಯದಲ್ಲಿಯೂ ಕೇಂದ್ರದಲ್ಲಿಯೂ ಅಧಿಕಾರದಲ್ಲಿರಲಿಲ್ಲ, ಬೆಂಗಳೂರಿನಲ್ಲಿ ಜೆ. ಎಚ್. ಪಟೇಲರು, ದೆಹಲಿಯಲ್ಲಿ ಎಚ್. ಡಿ. ದೇವೇಗೌಡರು ಆಡಳಿತ ನಡೆಸುತ್ತಿದ್ದರು. ಅವರನ್ನು ಮೊದಲು ಗುರುತಿಸಿ ಬೆಳೆಸಿದ ನಿಜಲಿಂಗಪ್ಪನವರು ಆಗ 94ರ ವಯಸ್ಸಿನಲ್ಲಿ ಚಿತ್ರದುರ್ಗದಲ್ಲಿದ್ದರು. ಶಿಷ್ಯನ ಬಳಿಕ ಇನ್ನೂ ಮೂರು ವರ್ಷ ಬದುಕಿದ್ದರು.